ದಾಸವಾಳಕ್ಕೆ ಎಸಳೆಷ್ಟು

ನಮ್ಮ ಸಸ್ಯಶಾಸ್ತ್ರ ವಿಭಾಗದ ಮಾನ ಮೊದಲು ಹೋದದ್ದು ಸೀಸೆಯ ಮುಚ್ಚಳಗಳಿಂದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಲೆಕ್ಚರರ್. ಪ್ರಯೋಗಾಲಯದ ಗೋಡೆಗೆ ತಾಗಿದ ಬೀರುಗಳ ತುಂಬ ಫಾರ್ಮಲಿನ್‌ನಲ್ಲಿ ಮುಳುಗಿದ ಸಸ್ಯಗಳು. ಹಸಿರು ಅವುಗಳನ್ನು ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಜರೀಗಿಡವಾಗಲಿ ಪಾಚಿಯಾಗಲಿ, ಎಲ್ಲವೂ ಸಮಾನತೆಯ ತತ್ವವನ್ನು ಒಪ್ಪಿಕೊಂಡು ಕಾಫಿ ಡಿಕಾಕ್ಷನ್ನಿನ ಬಣ್ಣ ತಾಳಿದ್ದವು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಈ ಸೀಸೆಗಳನ್ನು ಸಾಲಾಗಿ ಇಟ್ಟು, ಹೆಸರಿನ ಚೀಟಿ ಮುಚ್ಚಿ, ಗುರುತಿಸಿ ಎನ್ನುವುದು ಪದ್ಧತಿ. ನಮ್ಮ ವಿದ್ಯಾರ್ಥಿಗಳು ಇದರಲ್ಲಿ ನಿಸ್ಸೀಮರು. ಬೇರೆ ಕಾಲೇಜಿನವರು ಹೊಟ್ಟೆಕಿಚ್ಚು ಪಡುವಷ್ಟು ಅಂಕ ತೆಗೆಯುತ್ತಿದ್ದರು.

ಒಂದು ಕಿರುಪರೀಕ್ಷೆಯಲ್ಲಿ ಇಡೀ ತರಗತಿ ನೆಲಕಚ್ಚಿತು. ತರಗತಿಯ ಜಾಣೆ ಎನ್ನಿಸಿಕೊಂಡಿದ್ದ ಹುಡುಗಿಯೊಬ್ಬಳು ಈಕ್ವಿಸೀಟಂ ಗಿಡವನ್ನು ಸೈಕಾಸ್ ಎಂದು ಬರೆದಿದ್ದಳು. ಬದನೆಕಾಯನ್ನು ತೆಂಗಿನಮರ ಅಂದ ಹಾಗೆ.

"ಏನಮ್ಮ ಇದು? ಹೋದ ವಾರ ಸರಿಯಾಗಿ ಹೇಳಿದ್ದೆಯಲ್ಲ?"

"ಸಾರ್, ಈಕ್ವಿಸೀಟಂ ಅಂದ್ರೆ ಮುಚ್ಚಳದ ಅಂಚು ಒಡೆದಿರೋದಲ್ವಾ ಸಾರ್? ಇವತ್ತು ಒಡೆದಿರೋ ಮುಚ್ಚಳಾನೇ ಇರ್ಲಿಲ್ಲ."

ನಮ್ಮ ಅಟೆಂಡರ್ ಹಿಂದಿನ ದಿನ ಸೋರುತ್ತಿದ್ದ ಸೀಸೆಗಳನ್ನೆಲ್ಲ ಬದಲಾಯಿಸಿ, ಸಸ್ಯಗಳನ್ನು ಹೊಸ ಸೀಸೆಗಳಿಗೆ ದಾಟಿಸಿದ್ದ. ವಿಚಾರಿಸುತ್ತ ಹೋದಂತೆ ಒಂದು ಪರಂಪರೆಯೇ ಹೊರಬಿತ್ತು. ಮೇಣ ಸುರಿದದ್ದು ಮಾರ್ಸೀಲಿಯ, ತಳದಲ್ಲಿ ಗುಳ್ಳೆಯಿದ್ದದ್ದು ಸೆಲಾಜಿನೆಲ್ಲ, ಕತ್ತಿಗೆ ಶಾಯಿ ಮೆತ್ತಿದ್ದು ಸೈಕಾಸ್. ಈ ಜ್ಞಾನ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಬಾಯಿಂದ ಬಾಯಿಗೆ ಹರಿದು ಬಂದಿತ್ತು. ಸೀಸೆಯೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ.

ನಾನು ತಲೆ ಮೇಲೆ ಕೈ ಹೊತ್ತು ವಿಭಾಗದ ಮುಖ್ಯಸ್ಥರ ಬಳಿ ಹೋದೆ. ನಿವೃತ್ತಿಗೆ ಹತ್ತಿರವಿದ್ದ ಅವರು ನಶ್ಯ ಏರಿಸಿ, ಗಂಭೀರವಾಗಿ ಕೇಳಿಸಿಕೊಂಡು, ಅಟೆಂಡರನ್ನು ಕರೆದರು. "ಹಳೇ ಮುಚ್ಚಳ ಬಿಸಾಕಿಲ್ಲ ತಾನೆ?"

"ಇಲ್ಲ ಸಾರ್, ಅಲ್ಲೇ ಇದೆ."

"ಯಾವುದು ಯಾವುದಕ್ಕೋ ಅದನ್ನ ಹಾಕಿಬಿಡಪ್ಪ." ಸಮಸ್ಯೆ ಬಗೆಹರಿಯಿತು ಎಂಬಂತೆ ಅವರು ನನ್ನ ಕಡೆ ನೋಡಿದರು.

ಇದೇ ಹೊತ್ತಿಗೆ ಪರೀಕ್ಷಾ ಸುಧಾರಣೆಯ ಗಾಳಿ ಬೀಸತೊಡಗಿತ್ತು. ಅಧ್ಯಾಪಕರಿಗೆಂದು ನಡೆದ ಒಂದು ಶಿಬಿರಕ್ಕೆ ನನ್ನನ್ನು ಕಳಿಸಿದರು. ಉಳಿದವರಿಗೆಲ್ಲ ಮನೆಯಲ್ಲಿ ಶುಭಕಾರ್ಯಗಳಿದ್ದವು. ಅಲ್ಲಿ ಕಲಿಸಿದ್ದು ಒಂದೇ ಮಾತು. ಏನು ಕಲಿಯಬೇಕು ಎಂಬುದನ್ನು ಮೊದಲು ಬರೆಯಿರಿ. ಪಾಠ ಅದಕ್ಕೆ ತಕ್ಕಂತೆ ಇರಲಿ. ಪರೀಕ್ಷೆಯೂ ಅದನ್ನೇ ಅಳೆಯಲಿ. ಮೂರೂ ಒಂದೇ ದಾರದಲ್ಲಿರಬೇಕು. ಕೇಳಿದಾಗ ಇದಕ್ಕೊಂದು ಶಿಬಿರ ಬೇಕೇ ಅನ್ನಿಸಿತು. ಮುಚ್ಚಳಗಳು ನೆನಪಾದಾಗ, ಬೇಕು ಅನ್ನಿಸಿತು.

ವಾಪಸು ಬಂದವನೇ ಎರಡನೇ ವರ್ಷದ ಬಿ.ಎಸ್‌ಸಿ.ಯ ಸಸ್ಯ ವರ್ಗೀಕರಣಕ್ಕೆ ಗುರಿ ಬರೆದೆ: ವಿದ್ಯಾರ್ಥಿ ತಾನು ಹಿಂದೆಂದೂ ನೋಡಿರದ ಗಿಡವನ್ನು ಕೈಯಲ್ಲಿ ಹಿಡಿದು, ಕಂಡದ್ದನ್ನು ಕಂಡಂತೆ ಬರೆದು, ಅದರ ಕುಟುಂಬ ಯಾವುದೆಂದು ಕಾರಣಸಹಿತ ಹೇಳಬಲ್ಲವನಾಗಬೇಕು. ಮುಖ್ಯಸ್ಥರು ಓದಿ, "ಚೆನ್ನಾಗಿ ಬರೆದಿದ್ದೀರಿ. ಫೈಲ್ ಮಾಡಿಡಿ," ಅಂದರು.

ಫೈಲ್ ಮಾಡಿದ್ದರೆ ಈ ಕಥನವೂ ಇರುತ್ತಿರಲಿಲ್ಲ.

ಅಲ್ಲಿಯವರೆಗೆ ನಾನು ಕಲಿಸುತ್ತಿದ್ದದ್ದು ಹೇಗೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಕುರ್ಚಿಯಲ್ಲಿ ಕೂತು ನೋಟ್ಸ್ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಕುಟುಂಬಕ್ಕೊಂದು ಗಿಡ, ಗಿಡಕ್ಕೊಂದು ವರ್ಣನೆ. ದಾಸವಾಳ ಬಂದಾಗ: "ದಳಗಳು ಐದು, ಬಿಡಿ, ತಿರುಚಿದ ಜೋಡಣೆ, ಟೇಬಲ್ ಫ್ಯಾನಿನ ರೆಕ್ಕೆಗಳಂತೆ." ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ, ಫ್ಯಾನಿನ ಉಪಮೆ ಮಾತ್ರ ಯಾವ ಪುಸ್ತಕದ್ದೂ ಅಲ್ಲ, ನನ್ನ ಸ್ವಂತದ್ದು. ನಾನು ಕಂಡಿದ್ದ ಯಾವ ಫ್ಯಾನಿಗೂ ಐದು ರೆಕ್ಕೆ ಇರಲಿಲ್ಲ ಎಂಬುದು ಆಗ ಹೊಳೆದಿರಲಿಲ್ಲ. ವರ್ಷ ವರ್ಷವೂ ಅದೇ ಉಪಮೆಯನ್ನು ಹೊಸದಾಗಿ ಹೊಳೆಯಿತೆಂಬಂತೆ ಹೇಳಿ, ಒಂದು ಕ್ಷಣ ಕಿಟಕಿಯಾಚೆ ನೋಡುತ್ತಿದ್ದೆ.

ಆ ವರ್ಷ ನೋಟ್ಸ್ ನಿಲ್ಲಿಸಿದೆ. ಶನಿವಾರ ಬೆಳಿಗ್ಗೆ ತರಗತಿಯನ್ನು ಹೊರಗೆ ಹೊರಡಿಸಿದೆ. ಆಗಿನ ಜಯನಗರದ ಕೊನೆಯ ಬ್ಲಾಕುಗಳಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು. ಸೈಟಿನಲ್ಲಿ ಕಲ್ಲು ನೆಟ್ಟವರು ಕಳೆ ಕೀಳುವ ಗೋಜಿಗೆ ಹೋಗುತ್ತಿರಲಿಲ್ಲ. ನನಗೆ ಬೇಕಾದದ್ದೂ ಅಷ್ಟೆ. ಒಂದು ವಾರ ಸುದ್ದಗುಂಟೆಪಾಳ್ಯದ ಕಡೆ, ಒಂದು ವಾರ ಬನಶಂಕರಿ ದಾಟಿ ಚಿಕ್ಕಲಸಂದ್ರದ ಹೊಲಗಳ ಬದು. ಪ್ರತಿಯೊಬ್ಬರ ಕೈಯಲ್ಲೂ ಒಂದು ಬ್ಲೇಡು, ಸೂಜಿ, ಪುಟ್ಟ ಮಸೂರ. ನಿಯಮ ಒಂದೇ: ಗಿಡದ ಹೆಸರು ಹೇಳಿದವರಿಗೆ ಅಂಕವಿಲ್ಲ, ಕಂಡದ್ದನ್ನು ಹೇಳಿದವರಿಗೆ ಉಂಟು.

ಚಿಕ್ಕಲಸಂದ್ರದಲ್ಲಿ ನಾವೆಲ್ಲ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾಗ ಹೊಲದ ಯಜಮಾನರು ಬಂದು ನಿಂತರು.

"ಯಾರ್ ಸಾಮಿ ನೀವು? ಅಳತೆಗೆ ಬಂದ್ರಾ?"

"ಇಲ್ಲಣ್ಣ, ಕಾಲೇಜಿನೋರು. ಗಿಡ ನೋಡಕ್ಕೆ ಬಂದಿದೀವಿ."

"ಗೊತ್ತು ಬಿಡಿ. ಮೊದಲು ಗಿಡ ನೋಡೋರು ಬತ್ತಾರೆ, ಆಮೇಲೆ ಚೈನು ಹಿಡ್ಕಂಡು ಬತ್ತಾರೆ, ಕೊನೇಗೆ ನೋಟಿಸು ಬತ್ತದೆ." ಬಡಾವಣೆಗಳು ಆ ದಿಕ್ಕಿಗೇ ಹೊರಟಿದ್ದ ಕಾಲ, ಅವರ ಅನುಮಾನದಲ್ಲಿ ತಪ್ಪೇನಿರಲಿಲ್ಲ. ನಮ್ಮ ಹುಡುಗಿ, ಅದೇ ಒಡೆದ ಮುಚ್ಚಳದವಳು, ತುಂಬೆ ಗಿಡವೊಂದನ್ನು ಎತ್ತಿ ಹಿಡಿದು, ಕಾಂಡವನ್ನು ಬೆರಳಿನ ನಡುವೆ ಉರುಳಿಸಿ ತೋರಿಸಿದಳು. "ನೋಡಿ ಅಂಕಲ್, ಇದರ ಕಡ್ಡಿ ದುಂಡಗಿಲ್ಲ, ಚೌಕ." ಅವರೂ ಉರುಳಿಸಿ ನೋಡಿದರು. "ಹೌದಲ್ಲವ್ವ," ಅಂದರು. "ಅದಕ್ಕೂ ಸೈಟ್ ಮಾಡವ್ರಾ?"

ತೊಂದರೆಗಳೇನೂ ಕಡಿಮೆ ಬರಲಿಲ್ಲ. ಆಗಷ್ಟೇ ಊರೆಲ್ಲ ಹಬ್ಬುತ್ತಿದ್ದ ಪಾರ್ಥೇನಿಯಂ ತಾಗಿ ಇಬ್ಬರ ಕೈ ಊದಿತು. ಸಿಲಬಸ್ ಹಿಂದೆ ಬಿತ್ತು. 'ಮೇಷ್ಟ್ರು ಮಕ್ಕಳನ್ನ ಬೀದಿ ಬೀದಿ ತಿರುಗಿಸ್ತಾರೆ' ಎಂದು ಪೋಷಕರೊಬ್ಬರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಮುಖ್ಯಸ್ಥರು ನಮ್ಮ ಶನಿವಾರಕ್ಕೆ 'ಹುಲ್ಲುಯಾತ್ರೆ' ಎಂದು ನಾಮಕರಣ ಮಾಡಿದರು. ಆದರೂ ಸಂಕ್ರಾಂತಿ ಕಳೆಯುವ ಹೊತ್ತಿಗೆ ಹುಡುಗರ ಕೈಗೆ ಯಾವ ಕಳೆ ಕೊಟ್ಟರೂ ಮೊದಲು ಎಲೆಯ ಜೋಡಣೆ ನೋಡಿ, ಹೂವನ್ನು ಬಿಡಿಸಿ, ಅಂಡಾಶಯವನ್ನು ಅಡ್ಡ ಕೊಯ್ದು ಕೋಣೆಗಳನ್ನು ಎಣಿಸುತ್ತಿದ್ದರು. ಎಣಿಸಿದ ಮೇಲೆ ತಮ್ಮ ತಮ್ಮಲ್ಲೇ ಜಗಳವಾಡುತ್ತಿದ್ದರು. ನಾನು ಕಲಿಸಿದ ಯಾವ ತರಗತಿಯೂ ಅದಕ್ಕೆ ಮೊದಲು ಒಂದು ಅಂಡಾಶಯದ ಸಲುವಾಗಿ ಜಗಳವಾಡಿರಲಿಲ್ಲ.

ಗುರಿ ಆಯಿತು, ಪಾಠವೂ ಆಯಿತು. ಉಳಿದದ್ದು ಪರೀಕ್ಷೆ.

ಆ ನಡುವೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿಗೆ ಬಂದ. ನೋಟ್ಸ್ ಕಾಲದವನು. ಥಿಯರಿಯೆಲ್ಲ ಪಾಸಾಗಿ, ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಒಂದೇ ಬಾಕಿ ಉಳಿದಿತ್ತು. ಒಂದು ಸಲ ಕಾಮಾಲೆ, ಇನ್ನೊಂದು ಸಲ ಮನೆಯಲ್ಲಿ ಸಾವು, ಹೀಗೆ ಪರೀಕ್ಷೆಗೆ ಕೂರಲಾಗಿರಲಿಲ್ಲ. ಬನಶಂಕರಿಯ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ವಿಜ್ಞಾನ ಮೇಷ್ಟ್ರಾಗಿದ್ದ. ಸ್ಕೂಲು ತೆರೆಯುವಷ್ಟರಲ್ಲಿ ಡಿಗ್ರಿ ಕೈಗೆ ಬಂದರೆ ಕೆಲಸ ಖಾಯಂ. ಬಾರದಿದ್ದರೆ ಆ ಜಾಗಕ್ಕೆ ಬೇರೆಯವರು. ಆಡಳಿತ ಮಂಡಳಿ ಹಾಗೆಂದು ಖಂಡಿತವಾಗಿ ಹೇಳಿತ್ತು.

"ಏನ್ರೀ ಮೇಷ್ಟ್ರೇ, ಹೇಗಿದೆ ಮೇಷ್ಟ್ರುಗಿರಿ?" ಅಂದೆ.

ಅವನು ನಾಚಿಕೊಂಡು ನಕ್ಕ. "ಚೆನ್ನಾಗಿದೆ ಸಾರ್. ಮಕ್ಕಳಿಗೆ ನಿಮ್ಮ ನೋಟ್ಸನ್ನೇ ಸ್ವಲ್ಪ ಸುಲಭ ಮಾಡಿ ಹೇಳ್ತೀನಿ. ಸಾರ್, ಪ್ಯಾಟರ್ನ್ ಬದಲಾಗಿದೆಯಂತೆ?"

"ಪ್ಯಾಟರ್ನೇನಿಲ್ಲ. ಶನಿವಾರ ಬೆಳಿಗ್ಗೆ ಬರೋಕಾಗುತ್ತಾ?"

"ಶನಿವಾರ ಬೆಳಿಗ್ಗೆ ಸ್ಕೂಲಿರುತ್ತೆ ಸಾರ್. ರಜಾ ಕೇಳಿದ್ರೆ..." ಹಂಗಾಮಿಯವರಿಗೆ ರಜಾ ಎಂದರೇನೆಂದು ಇಬ್ಬರಿಗೂ ಗೊತ್ತಿತ್ತು.

"ಪರವಾಗಿಲ್ಲ ಬಿಡಿ. ಸಿಲಬಸ್ ಅದೇ. ಹಳೇ ನೋಟ್ಸ್ ಚೆನ್ನಾಗಿ ಓದ್ಕೊಳ್ಳಿ."

ಸಿಲಬಸ್ ಅದೇ ಆಗಿತ್ತು, ಒಂದಕ್ಷರವೂ ಬದಲಾಗಿರಲಿಲ್ಲ. ನಾನು ಸುಳ್ಳು ಹೇಳಲಿಲ್ಲ ಎಂದು ಯಾವ ನ್ಯಾಯಾಲಯದಲ್ಲೂ ಸಾಧಿಸಬಲ್ಲೆ.

ಪ್ರಶ್ನೆಪತ್ರಿಕೆಯಲ್ಲೂ ಅಕ್ಷರ ತಿದ್ದುವ ಅಗತ್ಯವಿರಲಿಲ್ಲ. 'ಕೊಟ್ಟಿರುವ ಗಿಡವನ್ನು ವರ್ಣಿಸಿ, ಕುಟುಂಬವನ್ನು ಗುರುತಿಸಿ' ಎಂದಷ್ಟೇ ಅಲ್ಲಿರುತ್ತಿತ್ತು. ಅತಿ ಹೆಚ್ಚು ಅಂಕ ಅದಕ್ಕೇ. ಕೊಡುವ ಗಿಡವನ್ನು ಆರಿಸುವವರು ಇಬ್ಬರು ಪರೀಕ್ಷಕರು: ಒಳಗಿನವನು ನಾನು, ಹೊರಗಿನಿಂದ ಬರುವವರೊಬ್ಬರು. ಎಲ್ಲೆಡೆಯೂ ಅದೇ ದಾಸವಾಳ, ಅದೇ ದತ್ತೂರ ಕೊಡುತ್ತಿದ್ದುದರಿಂದ ವಿದ್ಯಾರ್ಥಿಗಳು ಗಿಡವನ್ನು ಪಕ್ಕಕ್ಕಿಟ್ಟು, ಕಂಠಪಾಠ ಮಾಡಿದ್ದನ್ನು ಬರೆದು ಬರುತ್ತಿದ್ದರು. ನಾನು ಬೇರೆ ಗಿಡ ಕೊಡೋಣವೆಂದು ಮೊದಲೇ ಕಾಗದ ಬರೆದಿದ್ದೆ. ಹೊರಪರೀಕ್ಷಕರು ಒಪ್ಪಿರಲಿಲ್ಲ. ರೂಢಿಯಲ್ಲಿಲ್ಲದ್ದನ್ನು ಕೊಟ್ಟರೆ ಗಲಾಟೆಯಾದೀತು, ದಾಸವಾಳವೇ ಇರಲಿ ಎಂದಿದ್ದರು. ಇಷ್ಟೆಲ್ಲ ಹೊಲ ಸುತ್ತಿ ಕೊನೆಗೆ ದಾಸವಾಳಕ್ಕೇ ಬಂದೆವಲ್ಲ ಎಂದು ನಾನು ಸೋತು ಕೂತಿದ್ದೆ.

ಪರೀಕ್ಷೆಯ ಬೆಳಿಗ್ಗೆ ಅಟೆಂಡರ್ ಪೇಚುಮೋರೆ ಹಾಕಿಕೊಂಡು ಬಂದ. "ಸಾರ್, ಇವತ್ತು ಶುಕ್ರವಾರ. ಸೈಕಲ್ ಸ್ಟ್ಯಾಂಡ್ ಹತ್ರ ಇದ್ದ ದಾಸವಾಳನೆಲ್ಲ ಯಾರೋ ಪೂಜೆಗೆ ಬಿಡಿಸ್ಕೊಂಡು ಹೋಗಿದಾರೆ. ಒಂದು ಹೂವಿಲ್ಲ. ನಮ್ಮನೆ ಪಕ್ಕದಲ್ಲಿ ಕೇಳಿ ಇದನ್ನ ತಂದಿದೀನಿ, ಆಗುತ್ತಾ?"

ಬುಟ್ಟಿಯ ತುಂಬ ದಾಸವಾಳವೇ. ಆದರೆ ಎಸಳಿನೊಳಗೆ ಎಸಳು ತುಂಬಿಕೊಂಡ ಜಾತಿ. ಸಾದಾ ದಾಸವಾಳದಲ್ಲಿ ಐದು ಎಸಳು, ನಡುವೆ ಕೇಸರಗಳನ್ನು ಹೊತ್ತ ಉದ್ದನೆಯ ಕೊಳವೆ. ಇದರಲ್ಲಿ ಕೇಸರಗಳು ಬಹುಮಟ್ಟಿಗೆ ಎಸಳುಗಳಾಗಿ ಮಾರ್ಪಟ್ಟು, ಕೊಳವೆಯೇ ಕಾಣದಷ್ಟು ಗೊಂಚಲು.

ಹೊರಪರೀಕ್ಷಕರು, ಪಂಚೆ-ಕೋಟಿನ ಹಿರಿಯರು, ಒಂದನ್ನೆತ್ತಿ ತಿರುಗಿಸಿ ನೋಡಿದರು. "ಏನ್ರೀ ಇದು, ಹೂವೋ ಎಲೆಕೋಸೋ?"

"ಸಾದಾ ಹೂವು ಬೇಕಿದ್ರೆ ಇನ್ನೂ ಹೊತ್ತಿದೆ ಸಾರ್, ಸೈಕಲಲ್ಲಿ ಹೋಗಿ ತಂದ್ಬಿಡ್ತೀನಿ," ಅಂದ ಅಟೆಂಡರ್.

ಬೇಡ ಅಂದೆ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ನಿರ್ಧಾರ ಅದೊಂದೇ. ನನಗದು ದೈವಸಂಕಲ್ಪದಂತೆ ಕಂಡಿತು. ರೂಢಿಯ ದಾಸವಾಳ, ಗಲಾಟೆಗೆ ಆಸ್ಪದವಿಲ್ಲ. ಆದರೆ ಕಂಠಪಾಠ ಇಲ್ಲಿ ನಡೆಯದು. ನೋಡಿದವನು ಮಾತ್ರ ಬರೆಯಬಲ್ಲ. ಗುರಿ, ಪಾಠ, ಪರೀಕ್ಷೆ ಮೂರೂ ಒಂದೇ ದಾರದಲ್ಲಿ! ಅಲ್ಲೇ ಕೂತು ಅಂಕಸೂತ್ರ ಬರೆದೆ: ದಳಗಳು ಅನೇಕ, ಕೇಸರಗಳು ದಳಗಳಾಗಿ ಮಾರ್ಪಟ್ಟಿರುವುದನ್ನು ಹೇಳಬೇಕು; ದಳ ಐದು, ಕೇಸರಗಳ ಕೊಳವೆ ಪೂರ್ಣ ಎಂದು ಬರೆದರೆ ಹೂವಿನ ಭಾಗಕ್ಕೆ ಸೊನ್ನೆ.

"ಸೊನ್ನೆಯೇ?" ಅಂದರು ಹಿರಿಯರು.

"ಕಣ್ಣೆದುರು ಇರೋದನ್ನ ಇಲ್ಲ ಅಂದೋರಿಗೆ ಇನ್ನೇನು ಕೊಡೋದು ಸಾರ್?"

"ನಿಮ್ಮ ಹುಡುಗರು, ನಿಮ್ಮ ಇಷ್ಟ," ಎಂದು ಸಹಿ ಹಾಕಿದರು.

ನಮ್ಮ ತರಗತಿಯವರು ಹೂವನ್ನು ನೋಡಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ತಲೆ ತಗ್ಗಿಸಿ ಕೆಲಸಕ್ಕೆ ಕೂತರು. ಎಸಳಿನ ಅಂಚಿನಲ್ಲಿ ಅರ್ಧ ಕೇಸರ ಅಂಟಿಕೊಂಡಿದ್ದನ್ನು ಮಸೂರದಡಿ ಹಿಡಿದು ಆ ಹುಡುಗಿ ತನ್ನಷ್ಟಕ್ಕೆ ನಗುತ್ತಿದ್ದಳು. ಕೊನೆಯ ಸಾಲಿನಲ್ಲಿ ನಮ್ಮ ಹೈಸ್ಕೂಲು ಮೇಷ್ಟ್ರು, ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಕೂತಿದ್ದ. ಕಾಂಡದಿಂದ ಕೊಯ್ದ ಸೆಕ್ಷನ್, ತೆಳುವಾಗಿರಬೇಕಾದದ್ದು, ದಪ್ಪ ದಪ್ಪ ಬಂದಿತ್ತು. ಅಲ್ಲಿ ಅಂಕ ಹೋಗುವುದು ಖಂಡಿತ. ಆದರೆ ನಾನು ಹಾದುಹೋದಾಗ ಅವನು ದಾಸವಾಳದ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಪಕ್ಕಕ್ಕೆ ಇಡುತ್ತಿದ್ದ. ನನಗೆ ಸಮಾಧಾನವಾಯಿತು. ಬೆನ್ನು ತಟ್ಟಬೇಕೆನ್ನಿಸಿತು; ಪರೀಕ್ಷಕ ಹಾಗೆಲ್ಲ ಮಾಡುವಂತಿಲ್ಲ.

ಮಧ್ಯಾಹ್ನ ಉತ್ತರಪತ್ರಿಕೆ ನೋಡುತ್ತ ಹೊರಪರೀಕ್ಷಕರ ಮುಖ ಅರಳುತ್ತ ಹೋಯಿತು. "ನಿಮ್ಮ ಹುಡುಗರು ನೋಡ್ತಾರೆ ಕಣ್ರೀ. ನಮ್ಮಲ್ಲಿ ಬರೀತಾರೆ, ಇಲ್ಲಿ ನೋಡ್ತಾರೆ." ಅಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ಮಾನಪತ್ರ ಅದು. ಹಿರಿಯರು ಅದರ ಹಿಂದೆಯೇ ಇನ್ನೊಂದು ಪತ್ರಿಕೆಯನ್ನು ನನ್ನ ಕಡೆ ಸರಿಸಿದರು. "ಇದೊಂದು ಮಾತ್ರ ಹಳೇ ಕಾಲದ್ದು. ಏನು ಮಾಡೋಣ?"

ದಳಗಳು ಐದು, ಬಿಡಿ, ತಿರುಚಿದ ಜೋಡಣೆ. ಟೇಬಲ್ ಫ್ಯಾನಿನ ರೆಕ್ಕೆಗಳಂತೆ.

ನೋಂದಣಿ ಸಂಖ್ಯೆ ನೋಡುವ ಅಗತ್ಯವೇ ಬೀಳಲಿಲ್ಲ. ಬೇರೆ ಯಾರೂ ಬರೆಯಲಾರದ ವಾಕ್ಯ. ಚಿತ್ರವೂ ಅಚ್ಚುಕಟ್ಟು: ಐದು ಎಸಳು, ನಡುವೆ ನೆಟ್ಟಗೆ ಕೊಳವೆ, ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೆಯೇ ಬಲಕ್ಕೆ ಚೂರು ವಾಲಿದ್ದು.

"ಅರ್ಧ ಹಾಕೋಣವೇನ್ರೀ? ದಾಸವಾಳದ್ದೇ ತಾನೆ. ಪಾಪ, ಯಾರೋ ರಿಪೀಟರ್ ಇರಬೇಕು."

ಹಾಕಬಹುದಿತ್ತು. ಸೂತ್ರ ನಮ್ಮದೇ; ನಾವು ಬರೆದದ್ದು, ನಾವೇ ತಿದ್ದಬಹುದಿತ್ತು. ಆದರೆ ವಾಕ್ಯದ ಒಡೆಯ ಯಾರೆಂದು ತಿಳಿದ ಮೇಲೆ ಸೂತ್ರ ಸಡಿಲಿಸಿದರೆ ಅದು ಪಕ್ಷಪಾತವಾದೀತು ಎಂಬ ಉನ್ನತ ವಿಚಾರ ನನಗೆ ಬಂತು. ನ್ಯಾಯಪೀಠದಲ್ಲಿ ಕೂತವನ ಗಾಂಭೀರ್ಯ ತಂದುಕೊಂಡು, "ಸೂತ್ರ ಎಲ್ಲರಿಗೂ ಒಂದೇ ಸಾರ್," ಅಂದೆ. ನನ್ನದೇ ವಾಕ್ಯಕ್ಕೆ ನನ್ನದೇ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಸೊನ್ನೆ ದುಂಡಗೆ ಬಂತು.

ಫಲಿತಾಂಶದಲ್ಲಿ ನಮ್ಮ ತರಗತಿ ಕಾಲೇಜಿನ ಹೆಸರು ಎತ್ತಿಹಿಡಿಯಿತು. ಪ್ರಿನ್ಸಿಪಾಲರು ಸಿಬ್ಬಂದಿ ಸಭೆಯಲ್ಲಿ ನನ್ನ ಬಗ್ಗೆ ಎರಡು ಮಾತಾಡಿದರು. ಮುಖ್ಯಸ್ಥರು ಹುಲ್ಲುಯಾತ್ರೆಯನ್ನು 'ಕ್ಷೇತ್ರಾಧ್ಯಯನ' ಎಂದು ಕರೆಯಲು ಶುರುಮಾಡಿದರು. ಪ್ರಾಕ್ಟಿಕಲ್‌ನಲ್ಲಿ ನಪಾಸಾದವನು ಅವನೊಬ್ಬನೇ.

ಜೂನ್ ತಿಂಗಳಲ್ಲಿ, ಮರುಪರೀಕ್ಷೆಗೆ ಅರ್ಜಿ ತುಂಬಲು ಬಂದಿದ್ದಾಗ ಪ್ರಯೋಗಾಲಯದ ಬಾಗಿಲಲ್ಲಿ ಸಿಕ್ಕ. ಸ್ಕೂಲಿನ ಜಾಗಕ್ಕೆ ಬೇರೆಯವರು ಆಗಲೇ ಬಂದಿದ್ದರು. ಅವನು ಅದನ್ನು ದೂರಿನಂತೆ ಹೇಳಲಿಲ್ಲ. ನಾನೇ ಕೇಳಿದ್ದಕ್ಕೆ ಹೇಳಿದ. ಸದ್ಯಕ್ಕೆ ಭಾವನ ಔಷಧಿ ಅಂಗಡಿಯಲ್ಲಿ ಕೂರುತ್ತೇನೆ ಅಂದ.

ನನಗೆ ತಡೆಯಲಾಗಲಿಲ್ಲ. "ಅಲ್ರೀ, ನೀವು ಎಸಳು ಬಿಡಿಸ್ತಾ ಇದ್ದದ್ದನ್ನ ನಾನೇ ನೋಡಿದೆ. ಅಷ್ಟೊಂದು ಎಸಳಿತ್ತಲ್ಲ, ಕಾಣಲಿಲ್ವಾ ನಿಮಗೆ?"

"ಕಾಣ್ತು ಸಾರ್."

"ಮತ್ತೆ?"

"ನೀವು ಐದು ಅಂತ ಹೇಳಿದ್ರಲ್ಲ ಸಾರ್. ಹೂವು ಸರಿಯಿಲ್ಲ ಅಂದ್ಕೊಂಡೆ. ಬೇರೆ ಹೂವು ಕೇಳೋಣ ಅನ್ನಿಸ್ತು, ಎಲ್ರಿಗೂ ಅದನ್ನೇ ಕೊಟ್ಟಿದ್ರು. ಅದಕ್ಕೆ ಜಾಸ್ತಿ ಇದ್ದ ಎಸಳೆಲ್ಲ ಕಿತ್ತು ಪಕ್ಕಕ್ಕಿಟ್ಟು, ಐದು ಉಳಿಸ್ಕೊಂಡು ಬರೆದೆ."

ಅವನ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಲಿತದ್ದನ್ನೇ ಪರೀಕ್ಷೆ ಅಳೆಯಬೇಕು ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ಅವನು ನನ್ನಿಂದ ಕಲಿತದ್ದು ಐದು ಎಂಬ ಮಾತಲ್ಲ. ಹೂವಿಗಿಂತ ಮೇಷ್ಟ್ರು ದೊಡ್ಡವರು ಎಂಬುದು. ಅದನ್ನು ಪೂರ್ತಿ ಕಲಿತಿದ್ದ. ದಾರ ಎಳೆದು ಮೂರು ಮಣಿ ಪೋಣಿಸಿದ ನಾನು, ಹಳೆಯ ದಾರದ ತುದಿಯಲ್ಲಿ ಇನ್ನೂ ಒಬ್ಬ ನೇತಾಡುತ್ತಿದ್ದಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂಗಡಿಗೆ ವಾರದ ರಜೆ ಭಾನುವಾರ. ಆ ಮಳೆಗಾಲದ ಭಾನುವಾರಗಳಲ್ಲಿ ಅವನನ್ನು ಕರೆದುಕೊಂಡು ಅದೇ ಸೈಟುಗಳಿಗೆ ಹೋದೆ. ಕೈಗೆ ಗಿಡ ಕೊಟ್ಟರೆ ಮೊದಲು ನನ್ನ ಮುಖ ನೋಡುತ್ತಿದ್ದ. "ನನ್ನ ಮುಖದಲ್ಲಿ ಏನು ಬೆಳೆದಿದೆ ಅಂತ ನೋಡ್ತೀರಿ? ಗಿಡ ನೋಡಿ," ಅನ್ನುತ್ತಿದ್ದೆ. ನಗುತ್ತಿದ್ದ, ಗಿಡ ನೋಡುತ್ತಿದ್ದ, ಒಂದು ಮಾತು ಬರೆದು ಮತ್ತೆ ನನ್ನ ಮುಖ ನೋಡುತ್ತಿದ್ದ.

ಅಕ್ಟೋಬರ್ ಪರೀಕ್ಷೆಗೆ ಹೊರಗಿನಿಂದ ಬೇರೊಬ್ಬರು ಬಂದಿದ್ದರು. ಅವರು ಆರಿಸಿದ್ದು ದತ್ತೂರ. ಎಲ್ಲ ಕ್ರಮಬದ್ಧ, ಎಲ್ಲ ಪುಸ್ತಕದಂತೆ. ಅವನು ಹೂವನ್ನು ಸೀಳಿ ಕೇಸರಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಪೆನ್ನು ತೆಗೆದುಕೊಂಡು, ಕಾಗದದ ಮೇಲೆ ಇಡುವ ಮೊದಲು, ತಲೆಯೆತ್ತಿ ಕೊಠಡಿಯಾಚೆಯಿಂದ ನನ್ನ ಕಡೆ ನೋಡಿದ.

ಬರೆಯಿರಿ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅವನು ಅದಕ್ಕೇ ಕಾಯುತ್ತಿದ್ದ. ಕಾಯುವುದನ್ನು ಕಲಿಸಿದವನು ನಾನು. ಪೆನ್ನು ಎತ್ತಿದ ಹಾಗೇ ಇತ್ತು. ನಾನು ಬೆನ್ನು ತಿರುಗಿಸಿ ನಿಂತೆ.

ತುಂಬ ಹೊತ್ತಾದ ಮೇಲೆ ಹಿಂದಿನಿಂದ ನಿಬ್ಬು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು.